ಹದಿನಾಲ್ಕನೇ ನಂಬರಿನ ಮನೆಯ ಬೀಗದ ಕೈ

ಮೊನ್ನೆ ಯುಟ್ರೆಕ್ಟಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಸೈಕಲ್ ಕೋಣೆಯ ಬೀಗ ಮಳೆಗೆ ಬಿಗಿದುಕೊಂಡಿತ್ತು. ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದು ತಿರುಗಿಸಿ, ಅದಕ್ಕೊಂದಿಷ್ಟು ಬೈದು, ಅಂತೂ ತೆರೆದು, ಮುಖದ ನೀರು ಒರೆಸಿಕೊಳ್ಳಲು ಅಂಗೈ ಎತ್ತಿದೆ ನೋಡಿ, ಒದ್ದೆ ಕಬ್ಬಿಣದ ವಾಸನೆ ಮೂಗಿಗೆ ಬಂತು. ಹಾಗೇ ನಿಂತುಬಿಟ್ಟೆ. ಹಿಂದೆ ಮಗಳು ಟಿಲ್‌ಬರ್ಗಿನ ಟ್ರೈನ್ ಹಿಡಿಯುವ ಗಡಿಬಿಡಿಯಲ್ಲಿ ಕುಣಿಯುತ್ತಿದ್ದಳು. "ಅಪ್ಪಾ, ಮೂವ್! ಎಂತ ಕೈ ಮೂಸ್ತಾ ನಿಂತದ್ದು?" ಅವಳು ಸೈಕಲ್ ಎಳೆದುಕೊಂಡು ಹೋದಳು. ನಾನು ಆ ಕತ್ತಲೆ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇದ್ದೆ. ಹಿಂದೊಮ್ಮೆ ಒಂದು ಶರತ್ಕಾಲವಿಡೀ ನನ್ನ ಅಂಗೈಯಿಂದ ಈ ವಾಸನೆ ಹೋಗಿರಲಿಲ್ಲ.

ಈಗಿನ ಹಾಗೆ ಸಂಸಾರಸಮೇತ ಬಂದು ನೆಲೆಸುವುದಕ್ಕೆ ಮೊದಲಿನ ಮಾತು, ಆಗ ನಾನು ಈ ಡಚ್ಚರ ದೇಶದಲ್ಲಿ ಒಂಟಿ. ವಾಗೆನಿಂಗನ್ನಿನ ಬೀಜ ಪರೀಕ್ಷೆಯ ಲ್ಯಾಬಿಗೆ ಐದು ತಿಂಗಳ ಮಟ್ಟಿಗೆ ಬಂದವನು. ಸೆಪ್ಟೆಂಬರಿನಲ್ಲಿ ಇಳಿದೆ, ಜನವರಿ ಕೊನೆಗೆ ವಾಪಸು. ಮಗಳ ಪಿಯುಸಿ ವರ್ಷವಾದ್ದರಿಂದ ಹೆಂಡತಿ ಸುಮತಿ ಅವಳೊಡನೆ ಮಂಗಳೂರಿನಲ್ಲೇ ನಿಂತಳು. ನನ್ನ ಕೆಲಸವೆಂದರೆ ತಟ್ಟೆಗಳಲ್ಲಿ ಒದ್ದೆ ಕಾಗದದ ಮೇಲೆ ಹರಡಿದ ಬೀಜಗಳಲ್ಲಿ ಯಾವುದು ಮೊಳೆಯಿತು, ಯಾವುದು ಇಲ್ಲ ಎಂದು ದಿನಕ್ಕೆರಡು ಸಲ ನೋಡಿ ಬರೆಯುವುದು. ಬೀಜಗಳು ಮಾತಾಡುವುದಿಲ್ಲ. ಪಕ್ಕದ ಮೇಜಿನ ಹುಡುಗಿ ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು ನಮಸ್ಕಾರ ಹೇಳುತ್ತಿದ್ದಳು. ಅದು ವಾರದ ದಿನಗಳ ಪಾಡು. ಭಾನುವಾರ ಅದೂ ಇಲ್ಲ. ಒಂದು ಸೋಮವಾರ ಬೆಳಿಗ್ಗೆ ಆ ಹುಡುಗಿಗೆ ಉತ್ತರ ಕೊಡಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಶನಿವಾರ ಮಧ್ಯಾಹ್ನ ಸುಮತಿಗೆ ಫೋನು ಮಾಡಿದ ಮೇಲೆ ಗಂಟಲು ಬಳಸಿಯೇ ಇರಲಿಲ್ಲ!

ಲ್ಯಾಬಿಗೆ ಆಗಾಗ ಬರುತ್ತಿದ್ದ ಬೆಂಗಳೂರಿನ ಶ್ರೀಧರ ಯುಟ್ರೆಕ್ಟಿನಲ್ಲಿ ಸಂಸಾರಸಮೇತ ಇದ್ದ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, "ಭಾನುವಾರ ಸುಮ್ಮನೆ ನಿಮ್ಮಲ್ಲಿಗೆ ಬರ್ಲಾ?"

"ಬನ್ನಿ ಸಾರ್, ಅದಕ್ಕೇನಂತೆ," ಎಂದವನು ಫೋನು ತೆಗೆದು ಬೆರಳಾಡಿಸತೊಡಗಿದ. "ಈ ಸಂಡೇ ಮಗೂದು ಸ್ವಿಮ್ಮಿಂಗು. ಮುಂದಿನ್ ಸಂಡೇ ಯಾರದೋ ಬರ್ತ್‌ಡೇ. ಮೂರ್ ವಾರ ಬಿಟ್ಟು ಸಾಟರ್ಡೇ ನಾಲ್ಕ್ ಗಂಟೆಗೆ ಓಕೇನಾ ಸಾರ್? ಬೇಜಾರ್ ಮಾಡ್ಕೋಬೇಡಿ, ಇಲ್ಲಿ ಅಫ್‌ಸ್ಪ್ರಾಕ್ ಇಲ್ದೆ ಒಂದು ನೊಣಾನೂ ಬಾಗ್ಲು ತಟ್ಟಲ್ಲ. ನಾವೂ ಹಂಗೇ ಆಗೋಗಿದೀವಿ."

ಅಫ್‌ಸ್ಪ್ರಾಕ್ ಅಂದರೆ ಮೊದಲೇ ಗೊತ್ತುಮಾಡಿಕೊಂಡ ಭೇಟಿ. ಅದಿಲ್ಲದೆ ಒಬ್ಬರ ಬಾಗಿಲಿಗೆ ಹೋಗುವ ಹಾಗಿಲ್ಲ.

ಹಾಗಾಗಿ ಭಾನುವಾರಗಳಂದು ಸೈಕಲ್ ಹತ್ತಿದೆ. ವಾಗೆನಿಂಗನ್ ದಾಟಿದರೆ ರೈನ್ ನದಿ, ಅದಕ್ಕೊಂದು ದೋಣಿ. ಆಚೆ ದಡದಲ್ಲಿ ಇಳಿದರೆ ನದಿಯ ಜೊತೆಗೇ ಬಳುಕಿ ಹೋಗುವ, ನೆರೆ ತಡೆಯಲು ಕಟ್ಟಿದ ಏರಿಯ ಮೇಲಿನ ರಸ್ತೆ. ಒಂದು ಕಡೆ ತಗ್ಗಿನ ಹುಲ್ಲುಗಾವಲು, ಅದರಲ್ಲಿ ನೂರಾರು ಬಾತುಕೋಳಿ. ಇನ್ನೊಂದು ಕಡೆ ಪೇರ್ ಹಣ್ಣಿನ ತೋಟ. ಗಿಡಗಳನ್ನು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ನಾಲ್ಕೈದು ಕಿಲೋಮೀಟರಿಗೊಂದು ಊರು, ಊರಿಗೊಂದು ಹಳೆಯ ಇಗರ್ಜಿ. ನಮ್ಮ ಕಡೆ ಚರ್ಚಿಗೆ ಇಗರ್ಜಿ ಎಂದೇ ಹೇಳುವುದು. ಎಂಟುನೂರು, ಒಂಬೈನೂರು ವರ್ಷದವು. ಜರ್ಮನಿಯಿಂದ ಇದೇ ನದಿಯಲ್ಲಿ ತೇಲಿಸಿ ತಂದ ರಂಧ್ರ ರಂಧ್ರದ ಕಲ್ಲು, ಮೊಂಡು ಗೋಪುರ, ಸುತ್ತ ಹಸಿರು ಹಿಡಿದ ಗೋರಿಗಳು. ಬಾಗಿಲಿಗೆ ಮಾತ್ರ ಬೀಗ.

ಮೊದಲ ಇಗರ್ಜಿಯ ಬಾಗಿಲು ತಳ್ಳಿ, ಅದು ಅಲುಗದೆ, ಹಿಂದಿರುಗುವಾಗ ಪಕ್ಕದಲ್ಲಿ ಒಂದು ಚೀಟಿ ಕಂಡಿತು. ಬೀಗದ ಕೈ ಏರಿರಸ್ತೆಯ ಹದಿನಾಲ್ಕನೇ ನಂಬರಿನ ಮನೆಯಲ್ಲಿ ಸಿಗುತ್ತದೆ ಎಂದಿತ್ತು. ಎರಡು ಸಲ ಓದಿದೆ. ಅಂದರೆ ಆ ಮನೆಯ ಬಾಗಿಲು ತಟ್ಟಬಹುದು. ತಟ್ಟಿ ಎಂದು ಬರೆದೇ ಹಾಕಿದ್ದಾರೆ!

ತೆರೆದವರು ಎಂಬತ್ತು ದಾಟಿದ ಹೆಂಗಸು. ನೀಲಿ ಏಪ್ರನ್, ಗಂಡಸರ ಬೂಟು, ಕತ್ತರಿಸಿದ ಬೆಳ್ಳಿಗೂದಲು. ಹೆಸರು ಟ್ರೂಸ್. ಅವರು ಮಾತಾಡುತ್ತಿದ್ದುದು ಡಚ್ಚು, ನಡುನಡುವೆ ನನ್ನ ಮೇಲಿನ ಕನಿಕರಕ್ಕೆ ನಾಲ್ಕು ಇಂಗ್ಲಿಷು. ಈಗ ನೆನಪಾಗುವಾಗ ಅದೆಲ್ಲ ನನಗೆ ನಮ್ಮೂರ ಮಾತಿನಲ್ಲೇ ಕೇಳುತ್ತದೆ. ಹಾಗೇ ಬರೆಯುತ್ತೇನೆ, ನನ್ನನ್ನು ಕರೆಯುತ್ತಿದ್ದ 'ಮೆನೇರ್' ಒಂದನ್ನು ಬಿಟ್ಟು. ಅದು ಇಲ್ಲಿನ 'ಸಾರ್'.

"ಇಗರ್ಜಿ ನೋಡ್ಲಿಕ್ಕಾ? ಪುಸ್ತಕದಲ್ಲಿ ಹೆಸರು ಬರೀರಿ. ನಾಲ್ಕು ಗಂಟೆಯೊಳಗೆ ವಾಪಸ್ ತರ್ಬೇಕು. ಬಾಗಿಲು ಎತ್ತಿ ಹಿಡಿದು ತಿರುಗಿಸಿ, ಇಲ್ಲದಿದ್ರೆ ಬೀಗ ಕೇಳುದಿಲ್ಲ. ನನ್ನ ಹಾಗೆ ಅದೂ ಹಠಮಾರಿ."

ಬಾಗಿಲ ಹಿಂದಿನ ಮೊಳೆಯಿಂದ ತೆಗೆದುಕೊಟ್ಟ ಬೀಗದ ಕೈ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ ಇತ್ತು. ಕಪ್ಪು ಕಬ್ಬಿಣ, ತೂಕ ಒಂದು ಸುತ್ತಿಗೆಯಷ್ಟು.

ಒಳಗೆ ತಂಪು, ಸುಣ್ಣದ ಬಿಳಿ, ಮರದ ಬೆಂಚುಗಳು. ಒಂದು ಗೋಡೆಯಲ್ಲಿ ಸುಣ್ಣ ಕೆರೆದು ಹಳೆಯ ಚಿತ್ರದ ತುಂಡೊಂದನ್ನು ಹೊರತೆಗೆದಿದ್ದರು. ನೀರಿನಲ್ಲಿ ನಿಂತ ಯಾರೋ ಸಂತನ ಎರಡು ದೊಡ್ಡ ಕಾಲು, ಸುತ್ತ ಮೂರು ಮೀನು. ಮೊಣಕಾಲಿನಿಂದ ಮೇಲೆ ಆ ಸಂತ ಕಾಲದಲ್ಲಿ ಅಳಿಸಿಹೋಗಿದ್ದ. ನಾನು ಚಪ್ಪಲಿ ಬಿಟ್ಟು ಅವನೆದುರು ಕೂತೆ. ಆದರೆ ನಿಜ ಹೇಳಬೇಕಲ್ಲ, ಮನಸ್ಸಿದ್ದದ್ದು ಸಂತನ ಮೇಲಲ್ಲ. ಇದನ್ನು ವಾಪಸು ಕೊಡಲು ಇನ್ನೊಮ್ಮೆ ಆ ಬಾಗಿಲು ತಟ್ಟಬಹುದು ಎಂಬುದರ ಮೇಲೆ.

ಆಮೇಲೆ ಏರಿಯುದ್ದಕ್ಕೂ ಇಗರ್ಜಿಗಳನ್ನು ಹುಡುಕಿಕೊಂಡು ಹೋದೆ. ಒಂದೂರಿನಲ್ಲಿ ಬೀಗದ ಕೈ ಸೈಕಲ್ ರಿಪೇರಿಯವನ ಹತ್ತಿರ. ಅವನು ಮಾತಿಲ್ಲದೆ ಕೊಟ್ಟು ಮಾತಿಲ್ಲದೆ ತೆಗೆದುಕೊಂಡ. ಇನ್ನೊಂದೂರಿನಲ್ಲಿ ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯಿಂದ ಬೀಗದ ಕೈ ಹಿಡಿದ ಒಂದು ಕೈ ಮಾತ್ರ ಹೊರಬಂತು. ಮಾತಾಡುವ ಮನೆ ಹದಿನಾಲ್ಕು ಒಂದೇ. ಹಾಗಾಗಿ ಯಾವ ದಾರಿಯಲ್ಲಿ ಹೊರಟರೂ ಮೂರು ಗಂಟೆಯ ಹೊತ್ತಿಗೆ ಸೈಕಲ್ ಅಲ್ಲಿಗೇ ತಿರುಗುತ್ತಿತ್ತು. ಒಂದೇ ಇಗರ್ಜಿಯನ್ನು ಹತ್ತು ಸಲ ನೋಡುವವನ ಬಗ್ಗೆ ಟ್ರೂಸ್ ಏನೂ ಕೇಳಲಿಲ್ಲ. "ಇವತ್ತು ಮೀನು ಎಷ್ಟಿದ್ದಾವೆ? ಮೂರೇ ಉಂಟಾ ನೋಡ್ಕೊಂಡು ಬನ್ನಿ," ಎನ್ನುತ್ತಿದ್ದರು.

ನಾನು ಬೀಗದ ಕೈಯನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ನನ್ನನ್ನು ಬೆಳೆಸಿದ, ಮಾತು ಕಲಿಸಿದ ದೊಡ್ಡಮ್ಮನ ಶಾಸ್ತ್ರ ಅದು. ಉಪ್ಪು, ಸೂಜಿ, ಬೀಗದ ಕೈ ಇವನ್ನು ಕೈಯಿಂದ ಕೈಗೆ ಕೊಡಬಾರದು, ಇಬ್ಬರ ನಡುವೆ ಬಿರುಕು ಬರುತ್ತದೆ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ದೀಪ ಹಚ್ಚಿದ ಮೇಲಂತೂ ಕೊಡುವ ಮಾತೇ ಇಲ್ಲ. ಹೊಸ್ತಿಲ ಪಕ್ಕದ ಬೆಂಚಿನ ಮೇಲೆ ಇಟ್ಟಾಗ ಟ್ರೂಸ್ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

"ನನ್ನ ಕೈಗೆ ಎಂತ ಆಗಿದೆ? ಈಗಷ್ಟೇ ತೊಳೆದದ್ದು."

ನನ್ನ ಹರಕು ಡಚ್ಚಿನಲ್ಲಿ ವಿವರಿಸಿದೆ. ಕೈಗೆ ಕೊಟ್ಟರೆ ನಾವಿಬ್ಬರೂ ಜಗಳವಾಡುತ್ತೇವೆ ಎಂದೆ.

"ಹೌದಾ? ಹಾಗಾದ್ರೆ ಅಲ್ಲೇ ಇಡಿ, ಅಲ್ಲೇ ಇಡಿ," ಎಂದು ಗಂಭೀರವಾಗಿ ಬಾಗಿ ಎತ್ತಿಕೊಂಡರು.

ಹೊಸ್ತಿಲಿನ ಆ ಎರಡು ನಿಮಿಷ ಅಕ್ಟೋಬರಿನಲ್ಲಿ ಹತ್ತಾಯಿತು, ನವೆಂಬರಿನಲ್ಲಿ ಇಪ್ಪತ್ತಾಯಿತು. ಒಳಗೆ ಬನ್ನಿ ಎಂದು ಅವರು ಕರೆಯಲಿಲ್ಲ, ನಾನೂ ಕಾಲೊರಸಿನಿಂದ ಮುಂದೆ ಹೋಗಲಿಲ್ಲ. ಅವರು ಹೇಳುತ್ತಿದ್ದುದೆಲ್ಲ ಫ್ರಾನ್ಸಿನ ಹಳ್ಳಿಗಾಡಿನ ಕತೆ. ಒಂಬತ್ತು ವರ್ಷದ ಹಿಂದೆ ತೀರಿಹೋದ ಗಂಡ ಯಾಪ್ ಮತ್ತು ಅವರು ಪ್ರತಿ ಬೇಸಿಗೆ ಸೈಕಲ್‌ಗಳನ್ನು ಟ್ರೈನಿಗೆ ಹಾಕಿ ಬರ್ಗಂಡಿಗೆ ಹೋಗುತ್ತಿದ್ದರಂತೆ. ಕಾಲುವೆಯ ದಂಡೆಯ ನೆರಳಿನ ದಾರಿ, ಬಿಳಿ ದನಗಳ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಹಳದಿ ಕಲ್ಲಿನ ಇಗರ್ಜಿ. ಸೈಕಲ್ ತಳ್ಳಿಕೊಂಡೇ ಹತ್ತಬೇಕು.

"ಯಾಪ್‌ಗೆ ಕಂಬದ ಮೇಲಿನ ಕೆತ್ತನೆಯ ಹುಚ್ಚು. ಕತ್ತು ಮೇಲೆ ಮಾಡಿದ್ರೆ ಒಂದು ಗಂಟೆ ಇಳಿಸುದಿಲ್ಲ. ನನಗೆ ಬೀಗದ ಕೈ ಯಾರ ಹತ್ರ ಉಂಟು ಅನ್ನುದೇ ಕುತೂಹಲ. ಒಂದೂರಲ್ಲಿ ಕಸಾಯಿಯವ. ರಕ್ತದ ಕೈ ಏಪ್ರನ್ನಿಗೆ ಒರೆಸಿ ಕೊಟ್ಟ. ಇನ್ನೊಂದೂರಲ್ಲಿ ಮೇಯರನ ಅಮ್ಮ. ಅವರ ಊಟ, ನಿದ್ದೆ ಆಗುವವರೆಗೆ ನಾವು ಮರದಡಿ ಕಾಯ್ಬೇಕು. ಮೂರು ಗಂಟೆಗೆ ತೂಕಡಿಸ್ತಾ ಬಂದು ಬಾಗಿಲು ತೆಗೆದ್ರೆ, ಆಹಾ, ಒಳಗೆ ಬಾವಿಯ ಹಾಗೆ ತಂಪು. ಅದಕ್ಕೇ ಇಲ್ಲಿ ಈ ಕೆಲಸ ಖಾಲಿಯಾದಾಗ ನಾನು ಬೇಕು ಅಂತ ಹೇಳಿ ತಗೊಂಡೆ. ಯಾರಾದ್ರೂ ಬಂದು ಬಾಗಿಲು ತಟ್ತಾರಲ್ಲ."

ಕೊನೆಯ ಮಾತನ್ನು ಅವರು ಬೇರೆ ಕಡೆ ನೋಡುತ್ತ ಹೇಳಿದರು. ನಾನೂ ಬಾತುಕೋಳಿಗಳ ಕಡೆ ನೋಡಿದೆ.

ಫೋನಿನಲ್ಲಿ ಸುಮತಿಗೆ ಇದೆಲ್ಲ ತಮಾಷೆ. "ಎಂತ ಮಾರಾಯ್ರೆ, ಇಲ್ಲಿ ಮಠಕ್ಕೆ ಬನ್ನಿ ಅಂದ್ರೆ ಕಾಲು ನೋವು. ಅಲ್ಲಿ ಇಗರ್ಜಿಗೆ ಇಪ್ಪತ್ತು ಕಿಲೋಮೀಟರ್ ಸೈಕಲ್ಲಾ? ಆ ಅಜ್ಜಿ ಎಂತ ಕೊಡ್ತಾರೆ ನಿಮ್ಗೆ?" "ಬೀಗದ ಕೈ ಕೊಡ್ತಾರೆ," ಎಂದೆ. ಅವಳು ನಕ್ಕಳು. ನನಗೆ ಅದಕ್ಕಿಂತ ಹೆಚ್ಚು ವಿವರಿಸಲು ಆಗಲಿಲ್ಲ.

ನವೆಂಬರ್ ಕೊನೆಯ ಭಾನುವಾರ. ಇಲ್ಲಿ ವರ್ಷದ ಆ ಹೊತ್ತಿನಲ್ಲಿ ನಾಲ್ಕೂವರೆಗೇ ಕತ್ತಲು. ಇಗರ್ಜಿಯೊಳಗೆ ಕೂತಲ್ಲೇ ಜೊಂಪು ಹತ್ತಿ, ಎದ್ದು ಬೀಗ ಹಾಕಿ ಹೊರಟಾಗ ಮಂಜು ಏರಿಯನ್ನು ಹತ್ತುತ್ತಿತ್ತು. ಹದಿನಾಲ್ಕರ ಮುಂದಿನ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಇಲ್ಲಿನ ಕಿಟಕಿಗಳಿಗೆ ಪರದೆ ಎಳೆಯುವ ಅಭ್ಯಾಸವಿಲ್ಲವಾದ್ದರಿಂದ ಒಳಗಿನದೆಲ್ಲ ಕಾಣುತ್ತದೆ. ಟ್ರೂಸ್ ಕೂತಿದ್ದಾರೆ. ಎದುರಿಗೆ ಮಗ ಪೀಟರ್, ಟಿಲ್‌ಬರ್ಗಿನವನು, ಹಿಂದೊಮ್ಮೆ ನೋಡಿದ್ದೆ. ಅವನು ಮುಂದೆ ಬಾಗಿ ಏನೋ ಹೇಳುತ್ತಿದ್ದಾನೆ, ಇವರು ತಲೆ ಅಲ್ಲಾಡಿಸುತ್ತಿದ್ದಾರೆ. ಟ್ರೂಸ್ ಹೇಳಿ ನನಗೆ ಗೊತ್ತಿದ್ದ ವಿಷಯವೇ. ತಾಯಿಗೆ ವಯಸ್ಸಾಯಿತು, ಈ ಬೀಗದ ಕೈಯ ಉಸಾಬರಿ ಬಿಡಬೇಕು ಎಂಬುದು ಅವನ ಹಟ.

ತಟ್ಟಲು ಎತ್ತಿದ ಕೈ ಇಳಿಸಿದೆ. ತಾಯಿ ಮಗನ ಮಾತಿನ ನಡುವೆ ಹೋಗಬಾರದು. ಮೇಲಾಗಿ ದೀಪ ಹಚ್ಚಿಯಾಗಿದೆ. ಬೆಂಚಿನ ಮೇಲೆ ಇಡೋಣವೆಂದರೆ ಅಲ್ಲಿ ಪೀಟರನ ಚೀಲಗಳು. ಪಕ್ಕದಲ್ಲಿ, ಬೇಕಾದವರು ಒಯ್ಯಿರಿ ಎಂದು ಟ್ರೂಸ್ ಇಡುತ್ತಿದ್ದ ಪೇರ್ ಹಣ್ಣಿನ ಮರದ ಪೆಟ್ಟಿಗೆ ಇತ್ತು. ಹಣ್ಣುಗಳ ಮೇಲೆ ಬೀಗದ ಕೈಯನ್ನು ಮಲಗಿಸಿ, ದೊಡ್ಡಮ್ಮನ ಮಾತು ನಡೆಸಿದ ಸಮಾಧಾನದಲ್ಲಿ ಸೈಕಲ್ ಹತ್ತಿದೆ.

ಮುಂದಿನ ಭಾನುವಾರ ಇಗರ್ಜಿಯ ಬಾಗಿಲಿನಲ್ಲಿ ಬೀಗವೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಡೆದ ಮರ, ಒಂದು ಹೊಸ ಸರಪಳಿ. ಚೀಟಿ ಮಾಯ. ಓಡಿಹೋಗಿ ಹದಿನಾಲ್ಕರ ಬಾಗಿಲು ತಟ್ಟಿದೆ. ಟ್ರೂಸ್ ಏಪ್ರನ್ ಹಾಕಿರಲಿಲ್ಲ. ಒಂದು ವಾರದಲ್ಲಿ ಗಿಡ್ಡವಾದವರ ಹಾಗೆ ಕಂಡರು.

"ಬೀಗದ ಕೈ ಇಲ್ಲ ಮೆನೇರ್. ನಾನು ಕಳೆದೆ."

ಬುಧವಾರ ಬೆಳಿಗ್ಗೆ ಊರಿನ ಹಿರಿಯ ರೈತರೊಬ್ಬರ ಅಂತ್ಯಸಂಸ್ಕಾರ ಇತ್ತಂತೆ. ಮೊಳೆಯಲ್ಲಿ ಬೀಗದ ಕೈ ಇಲ್ಲ, ಬೆಂಚಿನ ಮೇಲಿಲ್ಲ, ಮನೆಯಲ್ಲೆಲ್ಲೂ ಇಲ್ಲ. ಶವಪೆಟ್ಟಿಗೆ ಹೊತ್ತವರು ಮಳೆಯಲ್ಲಿ ನಿಂತರಂತೆ, ಕೊನೆಗೆ ಡ್ರಿಲ್ ತಂದು ಆ ಹಳೆಯ ಬೀಗವನ್ನು ಒಡೆದರಂತೆ.

"ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ವಾಪಸ್ ಬಂತು ಅಂತ ನನ್ನದೇ ಗುರುತು ಉಂಟು. ನಿಮ್ಮ ಸೈಕಲ್ಲಿನ ಲೈಟ್ ಕಿಟಕಿಯಲ್ಲಿ ಹೋದದ್ದು ನೋಡಿ ಬರೆದದ್ದಿರ್ಬೇಕು. ಆಮೇಲೆ ಎತ್ತಿ ಎಲ್ಲಿಟ್ಟೆ? ನೆನಪೇ ಇಲ್ಲ. ಎತ್ತಿದ್ದೇ ನೆನಪಿಲ್ಲ. ಪೀಟರ್ ತಲೆಯ ಡಾಕ್ಟರ ಹತ್ರ ಅಫ್‌ಸ್ಪ್ರಾಕ್ ಮಾಡಿದ್ದಾನೆ." ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿಕೊಂಡರು. "ನನ್ನ ಅಮ್ಮನಿಗೂ ಹೀಗೇ ಶುರುವಾದದ್ದು."

"ಪೇರ್ ಪೆಟ್ಟಿಗೆ," ಎಂದೆ. "ಪೆಟ್ಟಿಗೆಯಲ್ಲಿಟ್ಟೆ. ನೀವು ಎತ್ತಲೇ ಇಲ್ಲ. ಎಲ್ಲಿದೆ ಪೆಟ್ಟಿಗೆ?"

ಅವರು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಪೀಟರ್ ಟಿಲ್‌ಬರ್ಗಿಗೆ ಒಯ್ದ. ಹಣ್ಣು ಮೊಮ್ಮಕ್ಕಳಿಗೆ ಅಂತ." ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. "ಹಾಗಾದ್ರೆ ನನ್ನ ತಲೆ ಸರಿ ಉಂಟು! ಮೆನೇರ್, ನನ್ನ ತಲೆ ಸರಿ ಉಂಟು!"

ಆ ಗುರುವಾರ ಇಗರ್ಜಿಯ ಸಮಿತಿ ಕೂಡುವುದಿತ್ತು. ತಾವು ಹೇಳಿದರೆ ಪೀಟರ್ ನಂಬುವುದಿಲ್ಲ, ಅಲ್ಲಿ ಅವನೆದುರು ನಾನೇ ಹೇಳಬೇಕು ಎಂದಿದ್ದರು ಟ್ರೂಸ್. ಅರ್ಧ ದಿನ ರಜೆ ಹಾಕಿ, ಹೇಳಬೇಕಾದ್ದನ್ನೆಲ್ಲ ಡಚ್ಚಿನಲ್ಲಿ ಚೀಟಿ ಬರೆದುಕೊಂಡು ಹೋದೆ. ತಪ್ಪು ಒಪ್ಪಿಕೊಂಡರೆ ಅವರ ಕೆಲಸ ಅವರಿಗೆ ಉಳಿಯುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಇಗರ್ಜಿಯ ಪಕ್ಕದ ಕೋಣೆಯಲ್ಲಿ ಕಾಫಿ, ನಾಲ್ಕು ಜನ ಹಿರಿಯರು, ಟ್ರೂಸ್, ಪೀಟರ್. ನಿಂತೇ ಓದಿದೆ. ಕೊನೆಗೆ ಪೀಟರ್ ಕೇಳಿದ, "ಕೈಗೆ ಯಾಕೆ ಕೊಡಲಿಲ್ಲ?"

"ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಕೊಡುವುದಿಲ್ಲ."

"ದೀಪ ಅಂದರೆ, ಲೈಟಾ?" ಎಂದರು ಅಧ್ಯಕ್ಷರು. ಉದ್ದನೆಯ ಮನುಷ್ಯ, ನಿವೃತ್ತ ದನದ ಡಾಕ್ಟರು. "ಇಲ್ಲಿ ಡಿಸೆಂಬರಿನಲ್ಲಿ ಇಡೀ ದಿನ ಲೈಟ್ ಹಾಕಿಯೇ ಇರುತ್ತೇವಲ್ಲ! ನೀವು ಮಾರ್ಚ್‌ವರೆಗೆ ಯಾರಿಗೂ ಏನೂ ಕೊಡುವ ಹಾಗಿಲ್ಲ ಅಂತಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪೀಟರ್ ಹೆಂಡತಿಗೆ ಫೋನು ಮಾಡಿದ. ಐದು ನಿಮಿಷದಲ್ಲಿ ಫೋಟೋ ಬಂತು, ಶೆಡ್ಡಿನ ಮೂಲೆಯ ಪೆಟ್ಟಿಗೆಯಲ್ಲಿ ಕೊಳೆತ ಪೇರ್‌ಗಳ ನಡುವೆ ಬೀಗದ ಕೈ. ಅವನ ಕಿವಿ ಕೆಂಪಾಯಿತು. "ಅಮ್ಮ, ಡಾಕ್ಟರ ಅಫ್‌ಸ್ಪ್ರಾಕ್ ಕ್ಯಾನ್ಸಲ್ ಮಾಡ್ತೇನೆ."

"ಬೇಡ, ಇರಲಿ," ಎಂದರು ಟ್ರೂಸ್. "ನೀನೇ ಹೋಗಿ ಕಣ್ಣು ತೋರಿಸ್ಕೊಂಡು ಬಾ. ಇಷ್ಟುದ್ದದ ಕಬ್ಬಿಣ ಕಾಣ್ಲಿಲ್ಲ ನಿನಗೆ."

ಧೈರ್ಯ ಬಂದು ನಾನು ಕೇಳಿದೆ, "ಹಾಗಾದರೆ ಬೀಗದ ಕೈ ಇನ್ನು ಮುಂದೆಯೂ ಹದಿನಾಲ್ಕರಲ್ಲೇ?"

ಅಧ್ಯಕ್ಷರು ಬಹಳ ಮೃದುವಾಗಿ ಹೇಳಿದರು. ಹಳೆಯ ಬೀಗ ಹೋಯಿತಲ್ಲ. ಕರೆಂಟಿನ ಬೀಗಕ್ಕೆ ಹೇಳಿಯಾಗಿದೆ. ಬೆಳಿಗ್ಗೆ ಹತ್ತಕ್ಕೆ ತಾನಾಗಿ ತೆರೆಯುತ್ತದೆ, ಸಂಜೆ ನಾಲ್ಕಕ್ಕೆ ತಾನಾಗಿ ಮುಚ್ಚುತ್ತದೆ. ಯಾರದೂ ತಪ್ಪಿಲ್ಲ, ಎಂದಾದರೂ ಆಗಬೇಕಾದದ್ದೇ. "ಇಷ್ಟು ವರ್ಷ ಟ್ರೂಸ್‌ಗೆ ಜನ ತೊಂದರೆ ಕೊಟ್ಟರು. ಇನ್ನು ಮೇಲೆ ಅವರ ಬಾಗಿಲನ್ನು ಯಾರೂ ತಟ್ಟಬೇಕಾಗಿಲ್ಲ."

ಎಲ್ಲರೂ ಅವರ ಕಡೆ ತಿರುಗಿ ತಲೆದೂಗಿದರು. ಟ್ರೂಸ್ ಕಪ್ಪಿನೊಳಗೆ ನೋಡುತ್ತ ಥ್ಯಾಂಕ್ಸ್ ಹೇಳಿದರು.

ಅದಾದ ಮೇಲೆ ಡಿಸೆಂಬರ್ ಮುಗಿಯುವವರೆಗೂ, ಜನವರಿಯ ಬಹುಪಾಲೂ ನಾನು ಆ ಕಡೆ ಹೋಗಲಿಲ್ಲ. ಮಳೆ, ಗಾಳಿ ಎಂದು ನನಗೆ ನಾನೇ ಹೇಳಿಕೊಂಡೆ. ಕೋಣೆಯಲ್ಲಿ ಮಲಗಿ ಮೇಲಿನ ಮನೆಯ ಹೆಜ್ಜೆ ಸಪ್ಪಳ ಕೇಳುತ್ತಿದ್ದೆ. ಹೋಗಲಿಕ್ಕೆ ಕಾರಣವೇ ಉಳಿದಿರಲಿಲ್ಲವಲ್ಲ. ಇದ್ದ ಒಂದನ್ನು ಹಣ್ಣಿನ ಪೆಟ್ಟಿಗೆಯಲ್ಲಿ ನಾನೇ ಇಟ್ಟು ಬಂದಿದ್ದೆ.

ಜನವರಿಯ ಕೊನೆಯ ಭಾನುವಾರ, ವಿಮಾನಕ್ಕೆ ಎರಡು ದಿನ ಇರುವಾಗ, ದೋಣಿ ದಾಟಿದೆ. ತಗ್ಗಿನ ಹುಲ್ಲುಗಾವಲಿನಲ್ಲಿ ನದಿಯ ನೀರು ನಿಂತಿತ್ತು. ಇಗರ್ಜಿಯ ಬಾಗಿಲು ಮುಟ್ಟುತ್ತಲೇ ತೆರೆಯಿತು. ಒಳಗೆ ಯಾರೂ ಇಲ್ಲ. ಬಾಗಿಲ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಬೀಗದ ಕೈಯನ್ನು ಒರೆಸಿ, ಎಣ್ಣೆ ಹಚ್ಚಿ, ಕೆಳಗೆ ಅದರ ವಯಸ್ಸು ಬರೆದು ಇಟ್ಟಿದ್ದರು. ಎರಡು ನಿಮಿಷವೂ ಕೂರಲಾಗಲಿಲ್ಲ.

ಹದಿನಾಲ್ಕರ ಮುಂದೆ ಬಹಳ ಹೊತ್ತು ಸೈಕಲ್ ಹಿಡಿದು ನಿಂತಿದ್ದೆ. ಆಮೇಲೆ ತಟ್ಟಿದೆ.

"ಇಗರ್ಜಿ ತೆರೆದೇ ಉಂಟಲ್ಲ," ಎಂದರು ಟ್ರೂಸ್.

"ನೋಡಿದೆ."

"ಮತ್ತೆ?"

"ಸುಮ್ಮನೆ ಬಂದೆ."

ತಣ್ಣನೆಯ ಗಾಳಿ ಅವರ ಮನೆಯೊಳಗೆ ನುಗ್ಗುತ್ತಿತ್ತು. ಅವರು ಒಂದು ಗಳಿಗೆ ಯೋಚಿಸಿ ಪಕ್ಕಕ್ಕೆ ಸರಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಕಾಲೊರಸು ದಾಟಿದೆ.

ಕಾಫಿ ಕೊಟ್ಟರು. ಎದುರುಬದುರು ಕೂತೆವು. ಹೊಸ್ತಿಲಿನಲ್ಲಿ ಇಪ್ಪತ್ತು ನಿಮಿಷ ಹರಿಯುತ್ತಿದ್ದ ಮಾತು ಕುರ್ಚಿಯಲ್ಲಿ ಬರಲೇ ಇಲ್ಲ. ಮಂಗಳವಾರ ಹೋಗುತ್ತೇನೆ ಎಂದೆ. ಹೌದಾ ಎಂದರು. ಯಾರಾದರೂ ಬರುತ್ತಿದ್ದಾರಾ ಎಂದು ಕೇಳಬಾರದ್ದನ್ನು ಕೇಳಿದೆ. "ಅಂಚೆಯವ," ಎಂದರು. ಆಮೇಲೆ ಎದ್ದು, ಬೀರುವಿನಿಂದ ಬರ್ಗಂಡಿಯ ಒಂದು ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಮಡಿಕೆಗಳು ಹರಿದು, ಟೇಪು ಹಚ್ಚಿ, ತುಂಬ ಕೆಂಪು ಪೆನ್ಸಿಲ್ಲಿನ ಗೆರೆಗಳು.

"ಬನ್ನಿ, ಈ ಕಡೆ ಕೂತ್ಕೊಳ್ಳಿ. ಟ್ರೈನ್ ಇಳಿದದ್ದು ಇಲ್ಲಿ. ಇದು ಕಾಲುವೆ. ಇಲ್ಲಿ ಬ್ರೆಡ್ ತಗೊಳ್ಬೇಕು, ಮುಂದೆ ಅಂಗಡಿ ಇಲ್ಲ. ಈ ಊರಿನ ಇಗರ್ಜಿಗೆ ಎರಡು ಬಾಗಿಲು. ಇಲ್ಲಿಂದ ಏರು... ಯಾಪ್ ಯಾವಾಗ್ಲೂ ಮುಂದೆ..." ಬೆರಳು ಕೆಂಪು ಗೆರೆಯ ಮೇಲೆ ಊರಿನಿಂದ ಊರಿಗೆ ಮೆಲ್ಲಗೆ ಹೋಯಿತು. ಹೀಟರಿನಿಂದ ಕೋಣೆ ಬೆಚ್ಚಗಿತ್ತು. ಒಂದು ಗುಡ್ಡದ ಅರ್ಧದಲ್ಲಿ ಬೆರಳು ನಿಂತಿತು. ಮುಂದೆ ಹೇಳುತ್ತಾರೆಂದು ಕಾದೆ. ನೋಡಿದರೆ ತಲೆ ಎದೆಗೆ ಬಿದ್ದಿದೆ, ನಿದ್ದೆ.

ಎಬ್ಬಿಸಲು ಮನಸ್ಸಾಗಲಿಲ್ಲ. ಎದ್ದರೆ ಕುರ್ಚಿ ಸದ್ದು ಮಾಡುತ್ತದೆ. ಕಿಟಕಿಯಾಚೆ ಬೆಳಕು ಇಳಿಯುತ್ತ ಬಂತು. ಭಾನುವಾರ ದೋಣಿ ಬೇಗ ನಿಲ್ಲುತ್ತದೆ, ತಪ್ಪಿದರೆ ಸೇತುವೆ ಸುತ್ತಿ ಹೋಗಬೇಕು. ದೋಣಿ ಹೋದರೆ ಹೋಗಲಿ ಎಂದುಕೊಂಡೆ. ಅವರ ಗೊರಕೆ ಸಣ್ಣದು, ನಡುವೆ ಒಮ್ಮೊಮ್ಮೆ ತಡೆದು ಮತ್ತೆ ಹಿಡಿಯುತ್ತಿತ್ತು. ನಾನಿದ್ದ ಕೋಣೆಯಲ್ಲಿ ಇನ್ನೊಂದು ಜೀವ ಉಸಿರಾಡುವುದನ್ನು ಐದು ತಿಂಗಳಲ್ಲಿ ನಾನು ಕೇಳಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿರುವಾಗ ಅವರು ನಿದ್ದೆ ಹೋಗಿ ಒಂಬತ್ತು ವರ್ಷವಾಗಿತ್ತೋ ಏನೋ. ಅಲುಗಾಡದೆ, ಕೈ ಮಡಿಲಲ್ಲಿಟ್ಟುಕೊಂಡು, ಆ ಉಸಿರು ಕೇಳುತ್ತ ಕೂತೆ.